ಕಪ್ಪು ತೆರೆಯ ಯಜಮಾನ

ಇಂದು ಬೆಳಿಗ್ಗೆ ಕಡಕೊಳದ ಹೊಸ ವಾಚನಾಲಯದಲ್ಲಿ ಹಳೆಯ ಕಂಪ್ಯೂಟರೊಂದಕ್ಕೆ ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶ ಹಾಕಿ, ಕಪ್ಪು ತೆರೆಯ ಮೇಲೆ ಪಾಸ್‌ವರ್ಡ್ ಒತ್ತುತ್ತಿದ್ದೆ. ನಿಮಗೂ ಗೊತ್ತಿರಬಹುದು, ಎಷ್ಟು ಒತ್ತಿದರೂ ಅಲ್ಲಿ ಒಂದು ಚುಕ್ಕೆಯೂ ಮೂಡುವುದಿಲ್ಲ. ಆ ಕಪ್ಪು ತೆರೆಯ ಮುಂದೆ ನನ್ನ ಎದೆ ಈಗಲೂ ಅಳುಕುತ್ತದೆ.

ಈ ಅಳುಕು ಅಂಟಿದ್ದು ಹಿಂದೊಮ್ಮೆ, ಲಕ್ಷ್ಮೀಪುರಂನ ಪುಟ್ಟ ವಾಚನಾಲಯವೊಂದರಲ್ಲಿ. ಅಲ್ಲಿ ಪುಸ್ತಕ ಕೊಡುತ್ತಿದ್ದವರು ಜಯಮ್ಮನವರು. ಕಂಪ್ಯೂಟರು ಬರುತ್ತಲೇ ಸಮಿತಿಯವರು ಓದುಗರ ಸಭೆ ಕರೆದು, ಇಂಗ್ಲಿಷ್ ಬಲ್ಲ ಬೇರೊಬ್ಬರನ್ನು ನೇಮಿಸೋಣವೆಂದರು. ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದ ನಾಲಗೆ ನನ್ನದು; ಸುಮ್ಮನಿದ್ದೀತೆ? ಯಂತ್ರವೇ ಕನ್ನಡ ಕಲಿಯಲಿ ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆಯ ಬೆನ್ನಿಗೆ ಕೆಲಸವೂ ಬೀಳುತ್ತದೆಂದು ಚರ್ಚಾಕೂಟದಲ್ಲಿ ಯಾರೂ ಕಲಿಸಿರಲಿಲ್ಲ. ನಾನು ಯಂತ್ರವನ್ನು ಅಣಿಗೊಳಿಸುವುದು, ಭಾನುವಾರ ಸಮಿತಿ ಬಂದು ನೋಡುವುದು, ಜಯಮ್ಮನವರು ಯಂತ್ರ ನಡೆಸಿದರೆ ಉಳಿಯುವುದು, ಇಲ್ಲವಾದರೆ ಬಿಡುವುದು ಎಂದು ತೀರ್ಮಾನವಾಯಿತು.

ಲಿನಕ್ಸಿನಲ್ಲಿ ರೂಟ್ ಎಂಬ ಖಾತೆಯುಂಟು. ಯಂತ್ರಕ್ಕೆಲ್ಲ ಅದೇ ಯಜಮಾನ. ಅನೇಕ ಕಡೆ ಮಲಗಿಸಿಯೇ ಇಟ್ಟಿರುತ್ತಾರೆ. ನಾನು ಪಾಸ್‌ವರ್ಡ್ ಕೊಟ್ಟು ಎಬ್ಬಿಸಿದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಯಂತ್ರ ಬಳಸುವ ಪ್ರಜೆಗಳಿಗೆ ಕನ್ನಡ, ಯಜಮಾನನಿಗೆ ಮಾತ್ರ ಇಂಗ್ಲಿಷೇ? ಅವನ ಭಾಷೆಯನ್ನೂ ಕನ್ನಡಕ್ಕೆ ಬದಲಿಸಿದೆ.

ಭಾನುವಾರ ಸಮಿತಿಯೆದುರು, ಜಯಮ್ಮನವರ ಹೆಸರಿನಲ್ಲಿ ಖಾತೆ ತೆರೆಯಲೆಂದು ರೂಟ್ ಆಗಿ ಕಪ್ಪು ತೆರೆಯನ್ನು ಹೊಕ್ಕೆ. ಯಜಮಾನ ಬಾಯಿ ತೆರೆದ. ಬಂದದ್ದು ಬರೀ ಚೌಕಗಳ ಸಾಲು. ಕನ್ನಡದ ಅಕ್ಷರ ಮೂಡಿಸಲು ಆ ತೆರೆಗೇ ಬಾರದು! ಕೊನೆಯ ಪ್ರಶ್ನಾರ್ಥಕ ಚಿಹ್ನೆಯಿಂದ ಅದೊಂದು ಪ್ರಶ್ನೆಯೆಂದಷ್ಟೇ ಗೊತ್ತಾಯಿತು. ಹೌದೆಂದರೆ ಏನು ಅಳಿದೀತೋ, ಅಲ್ಲವೆಂದರೆ ಏನು ಕೆಟ್ಟೀತೋ, ತಿಳಿಯದು.

ಕಾರ್ಯದರ್ಶಿ ರಾಯರು ಕನ್ನಡಕ ಏರಿಸಿದರು. "ಬರ್ಫಿ ಕೊಯ್ದಿಟ್ಟ ಹಾಗಿದೆಯಲ್ರೀ ನಿಮ್ಮ ಕನ್ನಡ!"

"ಒಂದ್ನಿಮಿಷ ಸಾರ್."

ಜಯಮ್ಮನವರು ನನ್ನತ್ತ ಬಾಗಿ ಪಿಸುಗುಟ್ಟಿದರು. "ಎಂಗೋ ಆಯ್ತದೆ ಬುಡಿ ಸಾರ್. ಆಗ್ದೇ ಓದ್ರೆ ನಾಳೆಯಿಂದ ಬರ್ಬೇಡಿ ಅಂತಾರೆ, ಅಷ್ಟೇ ತಾನೆ?" ಸೆರಗಿನ ತುದಿ ಅವರ ಬೆರಳಲ್ಲಿ ಹಗ್ಗವಾಗಿತ್ತು.

"ಅಂತೂ ಯಜಮಾನ್ರಿಗೆ ಇಂಗ್ಲಿಷೇ ಗತಿ ಅನ್ನಿ," ರಾಯರು ಚುಚ್ಚಿದರು.

ನಾಲಗೆಯ ತುದಿಗೆ ಬಂದ ಖಂಡನೆಯನ್ನು ನುಂಗಿಕೊಂಡೆ. ಎಲ್ಲರೂ ನೋಡುತ್ತಿದ್ದಂತೆಯೇ ಆ ಪ್ರಶ್ನೆಯನ್ನು ಅಲ್ಲಿಗೇ ಕೈಬಿಟ್ಟು, ರೂಟಿನ ಭಾಷೆಯನ್ನು ಇಂಗ್ಲಿಷಿಗೆ ಮರಳಿಸಿದೆ. ಖಾತೆ ಮತ್ತೆ ತೆರೆಯಹೋದಾಗ ಪ್ರಶ್ನೆ ಓದಲು ಬಂತು: ವಿವರಗಳು ಸರಿಯೇ, ಅಷ್ಟೇ. ಹೌದೆಂದೆ. ಬಳಿಕ ಕನ್ನಡ ಮೂಡಿಸಬಲ್ಲ ಬಣ್ಣದ ತೆರೆಗೆ ಮರಳಿ, ಜಯಮ್ಮನವರ ಖಾತೆಗೆ ಕನ್ನಡವನ್ನು ಆರಿಸಿ, ಕುರ್ಚಿ ಬಿಟ್ಟೆದ್ದೆ.

ಅವರು ಕೂತರು. ತೆರೆಯ ತುಂಬ ದುಂಡಗಿನ ಕನ್ನಡ. ತುಟಿಯಾಡಿಸುತ್ತ ಒಂದೊಂದನ್ನೇ ಓದಿಕೊಂಡು, ರಾಯರತ್ತ ತಿರುಗಿದರು.

"ಮೊದ್ಲು ನಿಮ್ದೇ ಬರ್ಕೋತೀನಿ ಸಾರ್. ಯುಗಾದೀಲಿ ತಗೊಂಡೋದ ಪುಸ್ತಕ ಇನ್ನೂ ತಂದಿಲ್ಲ ಕಣ್ರೀ ನೀವು."

ಸಮಿತಿ ಗೊಳ್ಳೆಂದಿತು. ರಾಯರೂ ನಕ್ಕರು. ಬೇರೊಬ್ಬರ ನೇಮಕದ ಮಾತು ಮತ್ತೆ ಏಳಲಿಲ್ಲ.

ಇಂದು ಕಡಕೊಳದಲ್ಲಿ ರೂಟನ್ನು ಇಂಗ್ಲಿಷಿನಲ್ಲೇ ಬಿಟ್ಟೆ. ತತ್ತ್ವಕ್ಕೆ ತುಸು ನೋವಾಯಿತು. ಆದರೆ ಭಾಷಣಕ್ಕೆ ನಿಲ್ಲಲಿಲ್ಲ. ಇಲ್ಲಿ ದಿನವೂ ಕೂರುವವರು ಯಾರೆಂದು ವಿಚಾರಿಸಿದೆ. ತಮಗೆ ಯಾವ ಭಾಷೆ ಬೇಕೆಂದು ಅವರೇ ಹೇಳಲಿ; ಅವರು ಬರುವವರೆಗೆ ಮುಂದಿನ ಗುಂಡಿ ಒತ್ತುವುದಿಲ್ಲವೆಂದು ಕಾದು ಕುಳಿತಿದ್ದೇನೆ.