ಹನಿ ಮುಟ್ಟದ ಡಿಂಪ್ನಾ

ನಮ್ಮ ಮೇಯೋ ಸೀಮೆಯಲ್ಲಿ ಊರಿಗೊಬ್ಬಳಾದರೂ ಇಂಥ ಪಬ್ಬಿನ ಯಜಮಾನಿ ಇರುತ್ತಾಳೆ. ನಮ್ಮೂರಿನವಳು ಡಿಂಪ್ನಾ ಹೆಗರ್ಟಿ. ಹನ್ನೆರಡನೇ ವಯಸ್ಸಿಗೇ ಚರ್ಚಿನಲ್ಲಿ ನಿಂತು, ಸಾಯೋತನಕ ಹೆಂಡದ ಹನಿ ಮುಟ್ಟೋದಿಲ್ಲ ಅಂತ ಆಣೆ ಮಾಡಿದವಳು. ಆ ಆಣೆಯ ಗುರುತಿಗೆ ಚರ್ಚಿನವರು ಕೊಟ್ಟ ಬಿಲ್ಲೆಯನ್ನು ಕೊರಳಪಟ್ಟಿಗೆ ಸಿಕ್ಕಿಸಿಕೊಂಡೇ ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ ಇಡೀ ಊರಿಗೆ ಕುಡಿಸುತ್ತಾಳೆ. ವಿಸ್ಕಿ, ಕೆನೆ, ಪುದೀನ ಕಲಸಿ, ಹಬ್ಬದ ಹಸಿರು ಬಣ್ಣ ಬಿಟ್ಟು, ಮೇಲೊಂದು ಮೂರು ದಳದ ಶ್ಯಾಮ್‌ರಾಕ್ ಎಲೆ ತೇಲಿಸಿ ಕೊಡುವ ಆ ಪಾನೀಯದ ರುಚಿ ಅವಳೊಬ್ಬಳಿಗೇ ಗೊತ್ತಿಲ್ಲ. ಹದ ನೋಡುವುದು ಅಂಚೆಯ ಕೋಲ್ಮನ್ನನ ಮುಖದಲ್ಲಿ. ಮೊದಲ ಲೋಟ ಅವನಿಗೆ. ಒಂದು ಕಣ್ಣು ಮುಚ್ಚಿದರೆ ಹದ ಸರಿಯಾಗಿದೆ, ಎರಡೂ ಮುಚ್ಚಿದರೆ ವಿಸ್ಕಿ ಹೆಚ್ಚಾಗಿದೆ, ಇನ್ನಷ್ಟು ಕೆನೆ ಬೇಕು. ಹೋದ ವರ್ಷ ಅವನಿಗೆ ಕಣ್ಣುಬೇನೆ ಬಂದು ಎರಡೂ ಕಣ್ಣು ಮುಚ್ಚಿಕೊಂಡೇ ಇದ್ದವು. ಊರೆಲ್ಲ ಬರೀ ಕೆನೆ ಕುಡಿದು ಬಂತು. ಪಾದ್ರಿಗಳು, "ಏನಮ್ಮಾ, ನೀನು ಆಣೆ ಮಾಡಿದ್ದು ಕುಡುಕರ ಉದ್ಧಾರಕ್ಕಲ್ವಾ?" ಅಂದರೆ, "ಅವರು ಕುಡಿದ್ರೆ ತಾನೇ ಫಾದರ್, ನಾನು ಉದ್ಧಾರ ಮಾಡೋದು? ಲೋಟ ಹಿಡೀರಿ," ಅನ್ನುತ್ತಾಳೆ. ಕೊನೆಯ ಲೋಟ ಗಂಡ ಫಿಂಟನ್‌ಗೆ: ಅದೇ ಹಸಿರು, ಅದೇ ಎಲೆ, ವಿಸ್ಕಿ ಮಾತ್ರ ಇಲ್ಲ. ಅವನು ಕುಡಿತ ಬಿಟ್ಟು ಹತ್ತೊಂಬತ್ತು ವರ್ಷವಾಯಿತು. ದಿನವಿಡೀ ಯಾವ ಲೋಟವನ್ನೂ ತುಟಿಗೆ ತಾಗಿಸದವಳು ಇದೊಂದನ್ನು ಮಾತ್ರ ತಾನೊಂದು ಗುಟುಕು ಕುಡಿದು ನೋಡಿಯೇ ಅವನ ಕೈಗಿಡುತ್ತಾಳೆ. "ಅಲ್ಲಕ್ಕ, ಕೈತಪ್ಪಿ ಅದಕ್ಕೆ ವಿಸ್ಕಿ ಬಿದ್ದಿದ್ರೆ ನಿಮ್ಮ ಆಣೆ ಗತಿ ಏನು?" ಅಂತ ಒಮ್ಮೆ ಕೇಳಿದೆ. ಲೋಟ ಒರೆಸುತ್ತಲೇ ಅಂದಳು: "ಮುರೀಲಿ ಬಿಡು. ಅವನದು ಮುರಿಯೋಕೆ ಮುಂಚೆ ನಂದು ಮುರೀಲಿ."