ಆರು ಮೂಲೆಯ ಕಾಗದಗಳು

ಮದುವೆಯಾಗಿ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದಾಗ ನನಗೆ ಹತ್ತೊಂಬತ್ತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮವರು ಗೂಡ್ಸ್ ಗಾಡಿಯ ಗಾರ್ಡ್. ಬಂದರೆ ಉಂಡು ಮಲಗುವರು, ಎದ್ದರೆ ಮತ್ತೆ ಡ್ಯೂಟಿ. ಒಬ್ಬಳಿಗೇ ಅಡುಗೆ ಮಾಡಿಕೊಳ್ಳಲು ಬೇಸರವಾಗಿ ನಿನ್ನೆಯ ರೊಟ್ಟಿಯನ್ನೇ ಮುರಿದು ತಿನ್ನುತ್ತಿದ್ದೆ. ಇಡೀ ದಿನ ಬಾಯಿ ಬಿಡದೆ ಇದ್ದು ಸಂಜೆ ಹಾಲಿನವನನ್ನು ಕರೆದರೆ, ನನ್ನ ದನಿ ನನಗೇ ಬೇರೆ ಯಾರದೋ ಅನಿಸುತ್ತಿತ್ತು.

ಆ ಮನೆಗಳ ಸಾಲಿನಲ್ಲಿ ನನ್ನನ್ನು ಕರೆದು ಕೂರಿಸಿಕೊಂಡವರು ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಬಾಯಾರು ಒಬ್ಬರೇ. ಅವರ ಗಂಡ ಇಂಜಿನ್ ಡ್ರೈವರ್, ಇನ್ನಾರು ತಿಂಗಳಿಗೆ ರಿಟೈರ್. ಆಮೇಲೆ ಇಬ್ಬರೂ ಇಂಗ್ಲೆಂಡಿನಲ್ಲಿದ್ದ ಮಗಳ ಮನೆಗೆ ಹೊರಡುವವರು. ಬಾಯಾರು ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವರು. ನಮ್ಮ ಕನ್ನಡವನ್ನು ನಮ್ಮಂತೆಯೇ ಆಡುತ್ತಿದ್ದರು, ಫ್ರಾಕ್ ಹಾಕಿಕೊಂಡು ಅನ್ನುವುದಷ್ಟೇ ವ್ಯತ್ಯಾಸ.

ಅವರು ಹೊಲಿಯುತ್ತಿದ್ದದ್ದು ಒಂದು ನಮೂನೆಯ ಕೌದಿ. ಆರು ಮೂಲೆಯ ತಗಡಿನ ತುಂಡೊಂದನ್ನು ದಪ್ಪ ಕಾಗದದ ಮೇಲಿಟ್ಟು, ಸುತ್ತ ಪೆನ್ಸಿಲ್ ಗೆರೆ ಎಳೆದು ಕತ್ತರಿಸಬೇಕು. ಆ ಕಾಗದವನ್ನು ಬಟ್ಟೆಯ ಹಿಂದಿಟ್ಟು ಅಂಚು ಮಡಚಿ ಉದ್ದುದ್ದ ಹೊಲಿಗೆ ಹಾಕಬೇಕು. ಹೀಗೆ ಮಾಡಿದ ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ, ಸುತ್ತಲೂ ತುಂಡುಗಳು ಸೇರಿದ ಮೇಲೆ ಕಾಗದ ಎಳೆದು ತೆಗೆಯಬೇಕು.

“ಅಲ್ಲಿ ಚಳಿ ಭಾಳಂತ. ಅರ್ಧಾ ನೀ ಹೊಲಿ, ಅರ್ಧಾ ನಾ ಹೊಲೀತೇನಿ. ಹೊದ್ಕೊಂಡಾಗ ನೀನೂ ನನ್ನ ಜೋಡಿ ಇದ್ದಂಗ ಆಕ್ಕೈತಿ,” ಅಂದರು. ಅದನ್ನು ಕೇಳಿ ನನಗೆ ಅಳುವೇ ಬಂತು. ಅಷ್ಟು ದೂರ ಹೋಗುವವರು ನನ್ನನ್ನು ಜೊತೆಗಿಟ್ಟುಕೊಳ್ಳಬೇಕೆಂದಿದ್ದರು.

ನನಗೂ ಒಂದು ತಗಡು ಕೊಟ್ಟರು. “ಪ್ರತಿ ಸಲಾನೂ ಈ ತಗಡನ್ನ ಇಡಬೇಕು ತಂಗಿ. ಕತ್ತರಿಸಿದ ಕಾಗದಾ ಇಟ್ಟು ಇನ್ನೊಂದು ಗೆರಿ ಹೊಡೀಬ್ಯಾಡ.”

ಮನೆಗೆ ಬಂದು ನಾಲ್ಕು ಕಾಗದ ತಗಡಿಟ್ಟು ಕತ್ತರಿಸಿದೆ. ತಗಡು ಜಾರುತ್ತಿತ್ತು, ಬೆರಳು ಕೊಯ್ಯುತ್ತಿತ್ತು. ನನ್ನ ತವರಿನಲ್ಲಿ ಕೌದಿ ಹೊಲಿಯುವವರು ಅಳತೆ ಹಿಡಿದದ್ದನ್ನೇ ನಾನು ಕಂಡಿರಲಿಲ್ಲ. ಪಕ್ಕದ ತುಂಡು ನೋಡಿ ಮುಂದಿನದನ್ನು ಹರಿಯುವುದು. ಹೆಚ್ಚಾದರೆ ಒಳಗೆ ಮಡಚು, ಕಡಿಮೆಯಾದರೆ ಇನ್ನೊಂದು ಹಚ್ಚು. ಕೌದಿ ನನಗೆ ಹೇಳಿಕೊಡಬೇಕೇ ಎಂಬ ಧಿಮಾಕು ಬೇರೆ. ತಗಡನ್ನು ಗೋಡೆಯ ಗೂಡಿನಲ್ಲಿಟ್ಟು, ಕತ್ತರಿಸಿದ ಕಾಗದದ ಮೇಲಿಂದಲೇ ಮುಂದಿನದು, ಅದರಿಂದ ಅದರ ಮುಂದಿನದು ಎಂದು ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ಕತ್ತರಿಸಿ ಮುಗಿಸಿದೆ. ಸಾಲಿನ ಮೇಲೆ ಸಾಲು ಹೊಲಿದೆ. ಕೈಯಲ್ಲಿ ಸೂಜಿ ಇದ್ದಾಗ ಮನೆ ಅಷ್ಟು ಖಾಲಿ ಅನಿಸುತ್ತಿರಲಿಲ್ಲ.

ಅವರು ಹೊರಡಲು ಎಂಟು ದಿನವಿದ್ದಾಗ ಎರಡೂ ಅರ್ಧಗಳನ್ನು ಅವರ ಮನೆಯ ನೆಲದ ಮೇಲೆ ಹಾಸಿದೆವು. ಅವರದು ಚಾಪೆಯಂತೆ ಮಲಗಿತು. ನನ್ನದರ ಅಂಚು ಅಲ್ಲಲ್ಲಿ ಎದ್ದು ನಿಂತಿತು. ಕೂಡಿಸಲು ಹೋದರೆ ಮೊದಲ ಎರಡು ತುಂಡು ಹೇಗೋ ಕೂಡಿದವು, ಮೂರನೆಯದರಿಂದ ಮೂಲೆಗೆ ಮೂಲೆ ಸಿಗಲೇ ಇಲ್ಲ.

“ತಗಡು ಇಟ್ಟ ಕತ್ತರಿಸೀ ಹೌದಲ್ಲ, ತಂಗಿ?”

“ಹೌದ್ರಿ ಬಾಯಾರ.”

ಯಾಕೆ ಹಾಗೆಂದೆ? ತಮ್ಮ ಮಾತು ಕೇಳದವಳನ್ನು ಯಾಕೆ ಕರೆಯಬೇಕು ಎಂದು ಅವರು ಬಾಗಿಲು ಹಾಕಿಕೊಂಡರೆ ಎಂಬ ಹೆದರಿಕೆ. ಅವರನ್ನು ಬಿಟ್ಟರೆ ನನಗೆ ಯಾರಿದ್ದರು?

ಬಾಯಾರು ಕನ್ನಡಕ ಒರೆಸಿಕೊಂಡರು. “ಹಂಗಾರ ತಪ್ಪು ನಂದ ಐತಿ. ಕಣ್ಣು ಮಂಜಾಗ್ಯಾವ, ನನಗ ಗೊತ್ತ ಆಗಿಲ್ಲ ನೋಡು.” ಅಲ್ಲೇ ಕೂತು ತಮ್ಮ ಅಂಚಿನ ಸಾಲನ್ನು ಬಿಚ್ಚತೊಡಗಿದರು.

ಮನೆಗೆ ಬಂದು ಉಳಿದಿದ್ದ ಕಡೆಯ ಕಾಗದವನ್ನು ತಗಡಿನ ಮೇಲಿಟ್ಟು ನೋಡಿದೆ. ಸುತ್ತಲೂ ಜೋಳದ ಕಾಳಿನಷ್ಟು ಹೆಚ್ಚಿತ್ತು. ಪ್ರತಿ ಸಲವೂ ಪೆನ್ಸಿಲ್ ಗೆರೆಯಷ್ಟು ಬೆಳೆದಿತ್ತು, ಅಷ್ಟೇ. ಈಗಲೇ ಹೋಗಿ ಹೇಳಬೇಕು ಅಂದುಕೊಂಡೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ಹೋದಾಗ ಅವರು ಕಿಟಕಿಯ ಬೆಳಕಿಗೆ ತಮ್ಮ ಕಾಗದ ಹಿಡಿದು ಮತ್ತೆ ಮತ್ತೆ ಅಳೆಯುತ್ತಿದ್ದರು. ನಾನು ಚಹಾ ಕುಡಿದು ಎದ್ದು ಬಂದೆ. ಹೀಗೇ ಐದು ದಿನ ಹೋದವು. ಆರನೆಯ ದಿನ ಅವರು ಎರಡೂ ಅರ್ಧಗಳನ್ನು ಮಡಚಿ ಸುಮ್ಮನೆ ಬದಿಗಿಟ್ಟರು.

ಹೊರಡುವ ದಿನ ತಮ್ಮ ಹೊಲಿಗೆಯ ಡಬ್ಬಿಯನ್ನು, ಕತ್ತರಿ ಸೂಜಿ ಸಮೇತ, ನನ್ನ ಬಾಗಿಲಿಗೆ ತಂದರು.

“ಇದು ನಿನ್ನ ಹತ್ರ ಇರ್ಲಿ ತಂಗಿ. ಇನ್ನ ಮ್ಯಾಲೆ ನನ್ನ ಕೈಲೆ ಹೊಲಿಗಿ ಆಗಂಗಿಲ್ಲ.”

ಹೊರಗೆ ಟಾಂಗಾ ನಿಂತಿತ್ತು. ಹೇಳಲು ಇನ್ನೂ ಹೊತ್ತಿತ್ತು. ನಾನು ಎರಡೂ ಕೈ ಚಾಚಿ ಡಬ್ಬಿ ತೆಗೆದುಕೊಂಡು, “ಹೋಗಿ ಬರ್ರಿ ಬಾಯಾರ,” ಅಂದೆ.