ಅಕ್ಕನ ಬಾಣಂತನದ ಅಂಟಿನುಂಡೆ

ಅಂಟಿನುಂಡೆ ಬೇಯಿಸುವ ತಿಂಡಿಯಲ್ಲ. ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತುತ್ತೆ, ಗಸಗಸೆ ಎಲ್ಲ ಹುರಿದು ಕುಟ್ಟಿ, ಬೆಲ್ಲದ ಪಾಕ ಆರುವ ಮೊದಲು ಅಂಗೈಯಲ್ಲಿ ಕಟ್ಟಿಬಿಡಬೇಕು. ನಮ್ಮವ್ವ ಅದನ್ನು ಬಾಣಂತಿಯರಿಗೆಂದು ಮಾತ್ರ ಮಾಡುತ್ತಿದ್ದಳು. ಸೊಂಟ ಗಟ್ಟಿಯಾಗಲು ದಿನಕ್ಕೊಂದರಂತೆ ನಲವತ್ತು ದಿನಕ್ಕೆ ನಲವತ್ತು ಉಂಡೆ.

ಅರವತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ನಮ್ಮ ಮನೆಯಲ್ಲಿದ್ದೆ. ಹೊಸನಗರದಲ್ಲಿದ್ದ ಅಕ್ಕನಿಗೆ ದಿನ ತುಂಬುವ ಮೊದಲೇ ಗಂಡನ ಮನೆಯಲ್ಲಿ ಹೆರಿಗೆಯಾಯಿತು. ಮೂರನೆಯದೂ ಹೆಣ್ಣು ಎಂದು ಭಾವ ಕಾರ್ಡು ಬರೆದಿದ್ದರು. ಮೊದಲೆರಡು ಬಾಣಂತನ ನಮ್ಮಲ್ಲೇ ಆಗಿದ್ದವು. ಈ ಸಲ ಅವ್ವನ ಕಾಲು ಉಳುಕಿ ಊದಿಕೊಂಡಿತ್ತು, ಅವಳಿಗೆ ಬಸ್ಸು ಹತ್ತಲಾಗುತ್ತಿರಲಿಲ್ಲ. ಆ ಕಾಲನ್ನೇ ಚಾಚಿ ಕೂತು ಎರಡು ದಿನ ಉಂಡೆ ಮಾಡಿದಳು. ಕೊಬ್ಬರಿ ತುರಿಯುತ್ತ ಬೆರಳ ತುದಿ ಕೊಯ್ದುಕೊಂಡಳು. ಡಬ್ಬಿಗೆ ತುಂಬಿ, ಮೇಲೆ ಬಟ್ಟೆ ಕಟ್ಟಿ, ನನ್ನ ಕೈಗೆ ಕೊಟ್ಟು ಹೇಳಿದಳು: "ಅಲುಗಾಡಿಸ್ಬೇಡ, ಪುಡಿ ಆಗ್ತದೆ. ದಿನಾ ಬೆಳಿಗ್ಗೆ ಒಂದು ತಿನ್ಬೇಕಂತೆ ಅಂತ ಹೇಳು."

ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತಿದರೆ ಒಳಗೆ ನನ್ನ ತರಗತಿಯ ಮೂವರು ಹುಡುಗಿಯರಿದ್ದರು, ಜೊತೆಗೆ ಅವರಲ್ಲೊಬ್ಬಳ ಸೋದರತ್ತೆ. ಹೊಸನಗರಕ್ಕೆ ಮದುವೆಗೆ ಹೊರಟವರು. ಅತ್ತೆಯ ಜೊತೆ ಕೂತವಳು ವಕೀಲರ ಮಗಳು, ಕೈಯಲ್ಲಿ ಗಡಿಯಾರ ಕಟ್ಟುತ್ತಿದ್ದವಳು. ಮೂರು ವರ್ಷ ಒಂದೇ ಕೋಣೆಯಲ್ಲಿ ಕೂತರೂ ಅವಳು ನನ್ನೊಡನೆ ಮಾತಾಡಿದ್ದೇ ಇಲ್ಲ. ಅಂದು ಸ್ವಲ್ಪ ಸರಿದು ಪಕ್ಕದ ಜಾಗ ತೋರಿಸಿ, "ಬಾ, ಇಲ್ಲೇ ಕೂತ್ಕೊ" ಅಂದಳು. ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಅರ್ಧ ದಾರಿಯ ಒಂದು ಏರಿನಲ್ಲಿ ಬಸ್ಸು ಕೆಟ್ಟು ನಿಂತಿತು. ಡ್ರೈವರು ಬಾನೆಟ್ಟು ಎತ್ತಿದ, ಕಂಡಕ್ಟರು ರಿಪೇರಿ ಸಾಮಾನು ತರಲು ಬಂದ ದಾರಿಯಲ್ಲೇ ವಾಪಸು ಹೋದ. ಒಂದು ಗಂಟೆಯಾಯಿತು, ಎರಡಾಯಿತು. ಎಲ್ಲರಿಗೂ ಹಸಿವು.

"ಡಬ್ಬೀಲಿ ಎಂತ ಇದೆಯೇ? ಘಮ ಬರ್ತಿದೆ" ಎಂದು ವಕೀಲರ ಮಗಳು ಕೇಳಿದಳು.

ಬಾಣಂತಿಗೆ ಎಂದು ಹೇಳಬಹುದಿತ್ತು. ಹೇಳಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ನಾನು ಬಟ್ಟೆ ಬಿಚ್ಚಿ, "ಅಂಟಿನುಂಡೆ. ನಮ್ಮನೇಲಿ ಯಾವಾಗ್ಲೂ ಇರ್ತದೆ, ತಗೊಳ್ರೇ" ಅಂದೆ.

ಒಂದೊಂದು ತಿಂದರು. ಅಂಥದ್ದು ತಿಂದೇ ಇಲ್ಲ ಎಂದು ಹೊಗಳಿದರು. ನಾನು ಇನ್ನೊಂದೊಂದು ಕೊಟ್ಟೆ, ನಾನೂ ತಿಂದೆ, ಮತ್ತೆ ಕೊಟ್ಟೆ. ಬಸ್ಸು ಹೊರಡುವಾಗ ಆ ಅತ್ತೆ, "ಮದ್ವೆಮನೇಲಿ ನಮ್ಮಮ್ಮ ಇದಾರೆ, ಅವರಿಗೊಂದಿಷ್ಟು" ಎಂದು ಸೆರಗು ಒಡ್ಡಿದರು. ಅದಕ್ಕೂ ಹಾಕಿದೆ. ಹೊಸನಗರದಲ್ಲಿ ಇಳಿದು ಮರದ ಬುಡದಲ್ಲಿ ಕೂತು ಡಬ್ಬಿ ನೋಡಿದರೆ ತಳದಲ್ಲಿ ಹನ್ನೊಂದು ಉಳಿದಿದ್ದವು.

ಅಕ್ಕನ ಅತ್ತೆಯೇ ಡಬ್ಬಿ ತೆರೆದರು. "ಇಷ್ಟೇನಾ ಕಳ್ಸಿದ್ದು ನಿಮ್ಮವ್ವ?"

"ಹೂಂ. ಅವ್ವಂಗೆ ಕಾಲು ನೋವು, ಇಷ್ಟೇ ಆಗಿದ್ದು" ಅಂದೆ.

"ಮೊದ್ಲೆರಡು ಸಲ ನಲವತ್ತು ದಿನಾನೂ ತಿನ್ಸಿದ್ರಂತೆ. ಮೂರನೇದೂ ಹೆಣ್ಣು ಅಂದ್ಮೇಲೆ ತವರಿನವರಿಗೂ ಸಾಕಾಗಿರ್ಬೇಕು, ಬಿಡು" ಎಂದು ಅವರು ಒಳಗೆ ಹೋದರು.

ಅಕ್ಕ ಮಗುವಿನ ತಲೆಯ ಮೇಲಿದ್ದ ಬಟ್ಟೆ ಸರಿಮಾಡಿದಳು. ಆಮೇಲೆ ಹನ್ನೊಂದರಲ್ಲಿ ಒಂದನ್ನು ತೆಗೆದು ನನಗೆ ಚಾಚಿದಳು. "ತಿನ್ನು. ಬಸ್ಸಲ್ಲಿ ಹಸಿದಿರ್ತೀಯ." ಬೇಡವೆಂದರೆ ಸಿಕ್ಕಿಬೀಳುತ್ತೇನೆಂದು ಹೆದರಿ ಅದನ್ನೂ ತಿಂದೆ.

ಮನೆಗೆ ಮರಳಿದಾಗ ಅವ್ವ ಕೇಳಿದಳು, "ರುಚಿ ಆಗಿದ್ವಂತಾ?" ಆಗಿದ್ದವಂತೆ ಎಂದೆ.

ಗೌರಿಹಬ್ಬಕ್ಕೆ ಅಕ್ಕ ಬರಲಿಲ್ಲ. ಅವಳ ಕಾಗದ ಬಂತು. ಅವ್ವನಿಗೆ ಓದು ಬರುತ್ತಿರಲಿಲ್ಲ, ಮನೆಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುವುದು. "ಮೂರು ಹೆಣ್ಣು ಹೆತ್ತವಳು ಅಲ್ಲಿಗೂ ಭಾರವಾಗುವುದು ಬೇಡ. ನನ್ನ ಮಗಳು ಬೇಡವಾದ ತವರು ನನಗೂ ಬೇಡ" ಎಂದು ಬರೆದಿದ್ದಳು. ಅವ್ವ ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು. ನಾನು ಆ ಸಾಲುಗಳ ಮೇಲೆ ಕಣ್ಣಾಡಿಸಿ, "ಮಗೂಗೆ ನೆಗಡಿಯಂತೆ, ಈ ಸಲ ಬರೋಕಾಗಲ್ವಂತೆ" ಅಂದೆ.

"ಪಾಪ, ತಣ್ಣೀರು ತಾಗ್ಸಿರ್ಬೇಕು. ಬಿಸಿನೀರು ಹಾಕು ಅಂತ ಬರಿ" ಅಂದಳು ಅವ್ವ. ಹಾಗೇ ಬರೆದೆ. ಅದನ್ನು ಓದಿ ಅಕ್ಕನಿಗೆ ಏನನ್ನಿಸಿತೋ. ದೀಪಾವಳಿಗೂ ಅವಳು ಬರಲಿಲ್ಲ. ಆಗ ಬಂದ ಕಾಗದವನ್ನೂ ನಾನು ಹಾಗೆಯೇ ಓದಿದೆ.

ಮರುವರ್ಷದ ಬೇಸಿಗೆಯಲ್ಲಿ ಅವ್ವ ತಾನೇ ಹೊಸನಗರಕ್ಕೆ ಹೊರಟಳು. ಬರಿಗೈಯಲ್ಲಿ ಹೋಗುವುದು ಹೇಗೆಂದು ಮತ್ತೆ ಅಂಟು ಹುರಿದಳು. ಇಬ್ಬರೂ ಎದುರುಬದುರು ಕೂತು ಉಂಡೆ ಕಟ್ಟುತ್ತಿದ್ದೆವು.

"ಹೋದ್ಸಲದಂಗೆ ನಲವತ್ತೇ ಮಾಡಾಣ. ಮಕ್ಳೂ ತಿಂತವೆ" ಅಂದಳು.

ನನ್ನ ಕೈ ನಿಂತಿತು. ಬಸ್ಸಿನಿಂದ ಹಿಡಿದು ಎಲ್ಲ ಹೇಳಿದೆ. ಅಳುತ್ತಾ ಹೇಳಿದ್ದರಿಂದ ಅವ್ವ ಎರಡೆರಡು ಸಲ ಕೇಳಿಕೊಳ್ಳಬೇಕಾಯಿತು. ಹೊಡೆಯುತ್ತಾಳೆಂದುಕೊಂಡೆ. ಅವಳು ಪಾಕ ಗಟ್ಟಿಯಾಗುತ್ತದೆಂದು ಉಂಡೆ ಕಟ್ಟುತ್ತಲೇ ಇದ್ದಳು. ಪಾತ್ರೆ ಖಾಲಿಯಾದ ಮೇಲೆ ಕೈ ಒರೆಸಿಕೊಂಡು ಹೇಳಿದಳು:

"ಉಂಡೆ ಹೋಗ್ಲಿ. ಹಸಿವು ಅಂದ್ರೆ ಡಬ್ಬಿ ಪೂರ್ತಿ ಖಾಲಿ ಮಾಡಿದ್ರೂ ನಾನು ಎಂತ ಅಂತಿರ್ಲಿಲ್ಲ. ಕಾಗದ ಯಾಕೆ ಸುಳ್ಳು ಓದ್ದೆ? ನಂಗೆ ಓದಕ್ಕೆ ಬರಲ್ಲ ಅಂತ ತಾನೆ?"

ನಾನು ತಲೆ ತಗ್ಗಿಸಿ ಉಂಡೆಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದೆ.

ಮರುದಿನ ಅವ್ವ ನನ್ನನ್ನೂ ಕರೆದುಕೊಂಡು ಹೊರಟಳು. ಅಕ್ಕ ಬಾಗಿಲಲ್ಲಿ ನಮ್ಮನ್ನು ಕಂಡು, ನೀರು ಕೊಟ್ಟು, ಒಳಗೆ ಹೋದಳು. ಅವ್ವ ನನ್ನ ಬೆನ್ನಿಗೆ ಕೈಯಿಟ್ಟು, "ಹೋಗು. ನೀನೇ ಹೇಳು" ಅಂದಳು.

ಅಡುಗೆಮನೆಯಲ್ಲಿ ಹೇಳಿದೆ. ಮೂರನೆಯ ಮಗು ಅಲ್ಲೇ ನೆಲದ ಮೇಲೆ ಆಡುತ್ತಿತ್ತು. ಅಕ್ಕ ಅಕ್ಕಿ ತೊಳೆಯುತ್ತಿದ್ದವಳು ತೊಳೆದು ಮುಗಿಸಿದಳು. ನನ್ನ ಕಡೆ ತಿರುಗದೆ ಮೆಲ್ಲಗೆ ಅಂದಳು, "ಇವಳು ಹುಟ್ಟಿ ನನ್ನ ತವರು ಹೋಯ್ತು ಅಂತ ವರ್ಷ ಪೂರ್ತಿ ಇವಳ ಮೇಲೇ ಸಿಟ್ಟು ಮಾಡ್ದೆ ಕಣೇ. ಅತ್ರೆ ಬೇಗ ಎತ್ಕೊಳ್ತಿರ್ಲಿಲ್ಲ."

ಆಮೇಲೆ ಹೊರಗೆ ಹೋಗಿ ಅವ್ವನ ಪಕ್ಕ ಕೂತಳು. ಅವರಿಬ್ಬರೂ ಏನು ಮಾತಾಡಿದರೋ ನನಗೆ ಕೇಳಲಿಲ್ಲ. ಮಗು ಹಿಟ್ಟಿನ ಡಬ್ಬಿ ಹಿಡಿದು ನಿಲ್ಲಲು ನೋಡುತ್ತಿತ್ತು. ನಾನು ಅದನ್ನು ಎತ್ತಿಕೊಂಡೆ.

ಆ ವರ್ಷ ಗೌರಿಹಬ್ಬಕ್ಕೆ ಅಕ್ಕ ಮೂವರನ್ನೂ ಕರೆದುಕೊಂಡು ಬಂದಳು. ಅವಳಿಗೂ ಅವ್ವನಿಗೂ ಎಲ್ಲ ಮೊದಲಿನಂತಾಯಿತು. ನನ್ನೊಂದಿಗೂ ಅಕ್ಕ ಚೆನ್ನಾಗಿಯೇ ಇದ್ದಳು. ಆದರೆ ಅವ್ವ ಅಲ್ಲಿಂದೀಚೆಗೆ ಅಕ್ಕನ ಕಾಗದ ಬಂದರೆ ಪಕ್ಕದ ಮನೆಗೆ ಒಯ್ದು ಓದಿಸಿಕೊಂಡು ಬರುತ್ತಿದ್ದಳು.

ಆ ಮೂರನೆಯವಳು ಈಗ ಸಾಗರದಲ್ಲಿದ್ದಾಳೆ, ಮೊಮ್ಮಕ್ಕಳನ್ನು ಕಂಡವಳು. ಉಳಿದಿಬ್ಬರಿಗಿಂತ ತನ್ನ ಮೇಲೆ ಚಿಕ್ಕಮ್ಮನಿಗೆ ಪ್ರೀತಿ ಹೆಚ್ಚು ಎಂದು ಎಲ್ಲರೆದುರು ಹೇಳಿಕೊಳ್ಳುತ್ತಾಳೆ. ಪ್ರೀತಿ ಇರುವುದು ನಿಜ. ಅದು ಎಲ್ಲಿಂದ ಶುರುವಾಯಿತೆಂದು ಅವಳಿಗೆ ಹೇಳಲು ನನಗೆ ಈವರೆಗೆ ಬಾಯಿ ಬಂದಿಲ್ಲ.